‘ವಿತ್’ ಎಂಬ ಇಂಗ್ಲಿಷ್ ಅವ್ಯಯ: ಅರ್ಥ ಮತ್ತು ಮೂಲ

ಯಾವುದೇ ಭಾಷೆಯ ಶಬ್ದಸಂಪತ್ತನ್ನು ಕುರಿತು ವಿಚಾರಿಸುವಾಗ ಜಿಜ್ಞಾಸುಗಳ ಲಕ್ಷ್ಯ ಸಾಮಾನ್ಯವಾಗಿ ಹರಿಯುವುದು ಅದರ ನಾಮಪದಗಳ ಕಡೆಗೆ, ಕ್ರಿಯಾಪದಗಳ ಕಡೆಗೆ. ತತ್ತ್ವ, ಧರ್ಮ, ಜ್ಞಾನ ಮೊದಲಾದ ಭಾರವುಳ್ಳ ಶಬ್ದಗಳ ಚರಿತ್ರೆಯನ್ನು ಅರಿಯುವ ಕುತೂಹಲ ಸಹಜವೂ ಹೌದು. ಆದರೆ ವಾಕ್ಯವೆಂಬ ಕಟ್ಟಡದಲ್ಲಿ ಈ ದೊಡ್ಡ ಕಲ್ಲುಗಳನ್ನು ಒಂದಕ್ಕೊಂದು ಬೆಸೆದು ನಿಲ್ಲಿಸುವ ಗಾರೆಯಂತಹ ಕಿರುಪದಗಳೂ ಇರುತ್ತವೆ. ಅವು ತಮ್ಮಷ್ಟಕ್ಕೆ ತಾವು ಯಾವ ವಸ್ತುವನ್ನೂ ಹೆಸರಿಸುವುದಿಲ್ಲ. ಯಾವ ಕ್ರಿಯೆಯನ್ನೂ ಹೇಳುವುದಿಲ್ಲ. ವಸ್ತುವಿಗೂ ವಸ್ತುವಿಗೂ, ಕ್ರಿಯೆಗೂ ಕರ್ತೃವಿಗೂ ಇರುವ ಸಂಬಂಧವನ್ನು ಮಾತ್ರ ಅವು ಸೂಚಿಸುತ್ತವೆ. ಅವುಗಳ ಚರಿತ್ರೆಯನ್ನು ಬಿಡಿಸಿ ನೋಡಿದರೆ ದೊಡ್ಡ ಶಬ್ದಗಳ ಚರಿತ್ರೆಯಲ್ಲಿ ಕಾಣದ ಸೋಜಿಗಗಳು ಎಷ್ಟೋ ವೇಳೆ ಕಾಣಸಿಗುತ್ತವೆ.

ಕನ್ನಡದಲ್ಲಿ ಈ ಸಂಬಂಧವನ್ನು ಸೂಚಿಸುವ ಕೆಲಸ ಬಹುಮಟ್ಟಿಗೆ ವಿಭಕ್ತಿಪ್ರತ್ಯಯಗಳದು. ಪ್ರತ್ಯಯವು ನಾಮಪ್ರಕೃತಿಯ ಹಿಂದೆ ಬಂದು ಸೇರುತ್ತದೆ. ಒಡನೆ, ಕೂಡ, ಜೊತೆ, ಮೇಲೆ, ಕೆಳಗೆ ಎಂಬ ಮಾತುಗಳೂ ನಾಮಪದದ ಅನಂತರವೇ ನಿಲ್ಲುತ್ತವೆ. ಇಂಗ್ಲಿಷಿನ ಕ್ರಮ ಇದಕ್ಕೆ ವಿಪರೀತವಾದುದು. ಅಲ್ಲಿ ಸಂಬಂಧಸೂಚಕವಾದ ಅವ್ಯಯವು ನಾಮಪದಕ್ಕಿಂತ ಮೊದಲು ಬರುತ್ತದೆ. ಇಂತಹ ಅವ್ಯಯಕ್ಕೆ ಇಂಗ್ಲಿಷ್ ವ್ಯಾಕರಣದಲ್ಲಿ ‘ಪ್ರಿಪೊಸಿಷನ್’ ಎಂದು ಹೆಸರು. ‘ಮುಂದೆ ಇಟ್ಟದ್ದು’ ಎಂಬುದೇ ಆ ಲ್ಯಾಟಿನ್ ಮೂಲದ ಶಬ್ದದ ಅರ್ಥ. ಈ ವರ್ಗಕ್ಕೆ ಸೇರಿದ, ಇಂಗ್ಲಿಷಿನಲ್ಲಿ ಅತ್ಯಂತ ಹೆಚ್ಚು ಬಳಕೆಯಲ್ಲಿರುವ ಪದಗಳಲ್ಲಿ ‘ವಿತ್’ ಎಂಬುದೂ ಒಂದು. ಶಾಲೆಯ ಬಾಲಕನೂ ಇದರ ಅರ್ಥವನ್ನು ‘ಜೊತೆಯಲ್ಲಿ’, ‘ಒಡನೆ’ ಎಂದು ಕೂಡಲೇ ಹೇಳಬಲ್ಲನು. ಆದರೆ ಈ ಪದದ ಮೂಲಾರ್ಥ ‘ಒಡನೆ’ ಎಂಬುದಲ್ಲ; ಅದಕ್ಕೆ ತದ್ವಿರುದ್ಧವಾದ ‘ಎದುರಾಗಿ’, ‘ವಿರುದ್ಧವಾಗಿ’ ಎಂಬುದು. ವಿರೋಧವನ್ನು ಹೇಳುತ್ತಿದ್ದ ಪದವು ಸಾಹಚರ್ಯವನ್ನು ಹೇಳುವ ಪದವಾಗಿ ಮಾರ್ಪಟ್ಟ ಬಗೆಯನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ಒಂದು ಸಂದೇಹ

ಈ ವಿಚಾರಕ್ಕೆ ಬಾಗಿಲು ತೆರೆಯುವುದು ವಿದ್ಯಾರ್ಥಿಗಳಿಗೆ ಸಹಜವಾಗಿ ಹುಟ್ಟುವ ಒಂದು ಸಂದೇಹ. ‘ಸ್ಟ್ಯಾಂಡ್’ ಎಂದರೆ ನಿಲ್ಲು. ‘ವಿತ್’ ಎಂದರೆ ಒಡನೆ. ಹಾಗಿದ್ದಲ್ಲಿ ‘ವಿತ್‌ಸ್ಟ್ಯಾಂಡ್’ ಎಂಬ ಸಮಸ್ತಪದಕ್ಕೆ ‘ಒಡನೆ ನಿಲ್ಲು’ ಎಂಬ ಅರ್ಥ ಬರಬೇಕಾಗಿತ್ತು. ಬಂದಿರುವುದು ‘ಎದುರಿಸಿ ನಿಲ್ಲು, ಪ್ರತಿಭಟಿಸು’ ಎಂಬ ಅರ್ಥ. ‘ಡ್ರಾ’ ಎಂದರೆ ಎಳೆ. ‘ವಿತ್‌ಡ್ರಾ’ ಎಂದರೆ ಹಿಂದಕ್ಕೆ ಸೆಳೆದುಕೊ, ಹಿಂತೆಗೆ. ‘ಹೋಲ್ಡ್’ ಎಂದರೆ ಹಿಡಿ. ‘ವಿತ್‌ಹೋಲ್ಡ್’ ಎಂದರೆ ಕೊಡದೆ ತಡೆಹಿಡಿ. ಈ ಮೂರು ಪದಗಳಲ್ಲಿ ಒಂದರಲ್ಲಿಯಾದರೂ ಜೊತೆಗೂಡುವ ಭಾವದ ಲೇಶವೂ ಇಲ್ಲ. ಒಂದು ಎದುರು ನಿಲ್ಲುವುದನ್ನೂ ಉಳಿದೆರಡು ದೂರ ಸರಿಯುವುದನ್ನೂ ತಡೆಯುವುದನ್ನೂ ಹೇಳುತ್ತವೆ.

ಸಮಾಸಗಳಲ್ಲಿ ಪದಗಳ ಹಳೆಯ ಅರ್ಥ ಉಳಿದುಕೊಳ್ಳುವುದು ಎಲ್ಲ ಭಾಷೆಗಳಲ್ಲಿಯೂ ಕಾಣುವ ಸಂಗತಿ. ಬಿಡಿಪದವು ಕಾಲದೊಡನೆ ಹರಿದು ಹೊಸ ಅರ್ಥವನ್ನು ತಳೆದರೂ ಸಮಾಸದೊಳಗೆ ಸಿಕ್ಕಿಕೊಂಡ ಪದವು, ಕಲ್ಲಿನಲ್ಲಿ ಸಿಲುಕಿ ಉಳಿದ ಪ್ರಾಚೀನ ಜೀವಿಯ ಅವಶೇಷದಂತೆ, ತನ್ನ ಹಳೆಯ ರೂಪಾರ್ಥಗಳನ್ನು ಕಾಪಾಡಿಕೊಳ್ಳುತ್ತದೆ. ‘ವಿತ್‌ಸ್ಟ್ಯಾಂಡ್’ ಮೊದಲಾದವು ಇಂತಹ ಅವಶೇಷಗಳು. ಇವುಗಳಲ್ಲಿರುವ ‘ವಿತ್’ ಬೇರೊಂದು ಪದವಲ್ಲ; ಅದೇ ಪದದ ಹಳೆಯ ಅರ್ಥ.

ಹಳೆಯ ಇಂಗ್ಲಿಷಿನ ಸಾಕ್ಷ್ಯ

ಇಂಗ್ಲಿಷ್ ಭಾಷೆಯ ಚರಿತ್ರೆಯನ್ನು ಸ್ಥೂಲವಾಗಿ ಮೂರು ಅವಸ್ಥೆಗಳಾಗಿ ವಿಭಾಗಿಸುತ್ತಾರೆ. ಸುಮಾರು ಕ್ರಿ.ಶ. 1100ರ ವರೆಗಿನದು ಹಳೆಯ ಇಂಗ್ಲಿಷ್. ಅಲ್ಲಿಂದ ಸುಮಾರು 1500ರ ವರೆಗಿನದು ನಡುವಣ ಇಂಗ್ಲಿಷ್. ಅನಂತರದ್ದು ಹೊಸ ಇಂಗ್ಲಿಷ್. ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ ‘ವಿಥ್’. ಕೊನೆಯ ವ್ಯಂಜನವು ನಾಲಗೆಯ ತುದಿಯನ್ನು ಹಲ್ಲಿಗೆ ತಾಗಿಸಿ ಉಸಿರನ್ನು ಹರಿಯಬಿಟ್ಟಾಗ ಹೊರಡುವ ಧ್ವನಿ. ಇದಕ್ಕೆ ಕನ್ನಡದಲ್ಲಿ ಸರಿಯಾದ ಅಕ್ಷರವಿಲ್ಲ. ಹಳೆಯ ಇಂಗ್ಲಿಷಿನ ಲಿಪಿಕಾರರು ಇದೊಂದು ಧ್ವನಿಗಾಗಿ ಎರಡು ವಿಶೇಷ ಅಕ್ಷರಗಳನ್ನು ಬಳಸುತ್ತಿದ್ದರು.

ಆ ಕಾಲದ ಗ್ರಂಥಗಳಲ್ಲಿ ‘ವಿಥ್’ ಎಂಬುದರ ಮುಖ್ಯಾರ್ಥ ‘ಎದುರು, ವಿರುದ್ಧ, ಅಭಿಮುಖ’ ಎಂಬುದು. ‘ಸಮೀಪದಲ್ಲಿ’, ‘ಪಕ್ಕದಲ್ಲಿ’, ‘ಪ್ರತಿಯಾಗಿ’ ಎಂಬ ಅರ್ಥಗಳೂ ಅದಕ್ಕಿದ್ದವು. ಅದು ತನ್ನ ಮುಂದಣ ನಾಮಪದವನ್ನು ಒಂದೇ ವಿಭಕ್ತಿಯಲ್ಲಿ ಬಯಸುತ್ತಿರಲಿಲ್ಲ. ದ್ವಿತೀಯಾ, ಚತುರ್ಥೀ, ಷಷ್ಠೀ ಎಂದು ಹೇಳಬಹುದಾದ ಮೂರು ವಿಭಕ್ತಿಗಳೊಡನೆಯೂ ಅದು ಬರುತ್ತಿತ್ತು. ಒಂದೇ ಪದವು ಎಷ್ಟು ಬಗೆಯ ಸಂಬಂಧಗಳನ್ನು ಹೊತ್ತು ನಿಂತಿತ್ತೆಂಬುದಕ್ಕೆ ಇದೇ ಗುರುತು.

ವೈದ್ಯಗ್ರಂಥಗಳಲ್ಲಿ ಈ ಅರ್ಥ ಬಹು ಸ್ಪಷ್ಟವಾಗಿದೆ. ಹತ್ತನೆಯ ಶತಮಾನದ ನಡುಭಾಗದ ಹಸ್ತಪ್ರತಿಯಲ್ಲಿ ಉಳಿದುಬಂದಿರುವ ‘ಬಾಲ್ಡ್‌ನ ಲೀಚ್‌ಬುಕ್’ ಎಂಬ ಗ್ರಂಥದಲ್ಲಿ ಚಿಕಿತ್ಸಾಕ್ರಮಗಳು ಅನೇಕ ವೇಳೆ ಆರಂಭವಾಗುವುದೇ ಈ ಪದದಿಂದ. ರೋಗದ ಹೆಸರಿನ ಹಿಂದೆ ‘ವಿಥ್’ ಬಂದರೆ ‘ಈ ರೋಗಕ್ಕೆ ಪ್ರತಿಯಾಗಿ’ ಎಂದರ್ಥ. ‘ಲಾಕ್‌ನುಂಗಾ’ ಎಂಬ ಇನ್ನೊಂದು ಸಂಕಲನದಲ್ಲಿರುವ, ಒಮ್ಮೆಲೇ ಬರುವ ಚುಚ್ಚುನೋವನ್ನು ನಿವಾರಿಸುವ ಪ್ರಸಿದ್ಧ ಮಂತ್ರಕ್ಕೂ ವಿದ್ವಾಂಸರು ಕೊಟ್ಟಿರುವ ಹೆಸರು ಇದೇ ಪದದಿಂದ ತೊಡಗುತ್ತದೆ. ಇಂದಿನ ಅರ್ಥವನ್ನು ನೆಚ್ಚಿ ಓದುವವನಿಗೆ ‘ತಲೆನೋವಿನ ಜೊತೆ’ ಎಂದು ತೋರುವ ಕಡೆಯಲ್ಲಿ ಆ ವೈದ್ಯನು ಹೇಳುತ್ತಿರುವುದು ‘ತಲೆನೋವಿಗೆ ಔಷಧ’ ಎಂದು. ಕನ್ನಡದಲ್ಲಿ ಇದೇ ಸಂಬಂಧವನ್ನು ಚತುರ್ಥೀ ವಿಭಕ್ತಿ ಸರಳವಾಗಿ ನಿರ್ವಹಿಸುತ್ತದೆ. ಜ್ವರಕ್ಕೆ ಕಷಾಯ ಎಂದರೆ ಜ್ವರವನ್ನು ಹೆಚ್ಚಿಸುವುದಕ್ಕಲ್ಲ, ಕಳೆಯುವುದಕ್ಕೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಯುದ್ಧದಲ್ಲಿಯೂ ಸಂಧಿಯಲ್ಲಿಯೂ

ಈ ಪದದ ಅರ್ಥವು ತಿರುಗಿದ ಬಗೆಯನ್ನು ಅರಿಯಲು ‘ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್’ ಎಂಬ ವರ್ಷಾನುಕ್ರಮದ ಚರಿತ್ರೆ ಉತ್ತಮ ಆಕರ. ಇದು ಆಲ್ಫ್ರೆಡ್ ಅರಸನ ಕಾಲದಲ್ಲಿ, ಒಂಬತ್ತನೆಯ ಶತಮಾನದ ಕೊನೆಯಲ್ಲಿ, ಮೊದಲು ಸಂಕಲಿತವಾಯಿತು. ಡೇನ್ ಜನರ ಸೈನ್ಯ ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದು ನೆಲೆಯೂರಿದ್ದ ಕಾಲವದು.

865ನೆಯ ವರ್ಷದ ಬರೆಹವನ್ನು ಮೊದಲು ನೋಡಬಹುದು. ಆ ಸೈನ್ಯ ಥ್ಯಾನೆಟ್ ಎಂಬಲ್ಲಿ ಬೀಡುಬಿಟ್ಟು ಕೆಂಟ್ ನಾಡಿನ ಜನರೊಡನೆ ಸಂಧಿ ಮಾಡಿಕೊಂಡಿತು. ಆ ಸಂಧಿಗೆ ಪ್ರತಿಯಾಗಿ ಕೆಂಟ್‌ನವರು ಹಣ ಕೊಡುವುದಾಗಿ ಮಾತುಕೊಟ್ಟರು. ಆದರೆ ಸೈನ್ಯವು ಮಾತಿಗೆ ತಪ್ಪಿ ರಾತ್ರಿ ಕಳ್ಳತನದಿಂದ ಹೊರಟು ಪೂರ್ವ ಕೆಂಟನ್ನೆಲ್ಲ ಸೂರೆಮಾಡಿತು ಎಂದು ಅಲ್ಲಿ ಹೇಳಿದೆ. ಈ ಒಂದೇ ಬರೆಹದಲ್ಲಿ ‘ವಿಥ್’ ಎರಡು ಬಾರಿ ಬರುತ್ತದೆ. ‘ಕೆಂಟ್‌ನವರೊಡನೆ’ ಎಂಬಲ್ಲಿ ಒಮ್ಮೆ. ‘ಸಂಧಿಗೆ ಪ್ರತಿಯಾಗಿ’ ಎಂಬಲ್ಲಿ ಇನ್ನೊಮ್ಮೆ.

871ನೆಯ ವರ್ಷದ ಬರೆಹ ಇದಕ್ಕಿಂತಲೂ ಗಮನಾರ್ಹವಾದುದು. ಆ ವರ್ಷ ವೆಸೆಕ್ಸ್ ನಾಡಿನ ಅರಸನಾದ ಎಥೆಲ್ರೆಡನೂ ಅವನ ತಮ್ಮನಾದ ಆಲ್ಫ್ರೆಡನೂ ಆಶ್‌ಡೌನ್ ಮೊದಲಾದೆಡೆಗಳಲ್ಲಿ ಡೇನರೊಡನೆ ಕಾದಿದರು. ಅಣ್ಣನು ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ಆಲ್ಫ್ರೆಡನು ವಿಲ್ಟನ್ ಎಂಬಲ್ಲಿ ಮತ್ತೆ ಕಾದಿದನು. ಅದೇ ವರ್ಷ ವೆಸೆಕ್ಸ್‌ನವರು ಆ ಸೈನ್ಯದೊಡನೆ ಸಂಧಿಯನ್ನೂ ಮಾಡಿಕೊಂಡರು. ಕ್ರಾನಿಕಲ್‌ನ ಕರ್ತೃವು ಸೈನ್ಯದ ವಿರುದ್ಧ ಕಾದಿದರು ಎಂಬಲ್ಲಿ ಬಳಸಿದ ಅವ್ಯಯವನ್ನೇ ಸೈನ್ಯದೊಡನೆ ಸಂಧಿ ಮಾಡಿಕೊಂಡರು ಎಂಬಲ್ಲಿಯೂ ಬಳಸಿದ್ದಾನೆ. ಶತ್ರು ಅವನೇ, ಅವ್ಯಯವೂ ಅದೇ. ಬೇರೆಯಾಗಿರುವುದು ಕ್ರಿಯಾಪದ ಮಾತ್ರ. ಕಾದುವ ಕ್ರಿಯೆಯ ಪಕ್ಕದಲ್ಲಿ ನಿಂತಾಗ ಆ ಪದಕ್ಕೆ ವಿರೋಧದ ಅರ್ಥ. ಸಂಧಿಯ ಪಕ್ಕದಲ್ಲಿ ನಿಂತಾಗ ಕೂಟದ ಅರ್ಥ.

ಅರ್ಥಪಲ್ಲಟದ ರಹಸ್ಯವೆಲ್ಲ ಇಲ್ಲಿಯೇ ಅಡಗಿದೆ. ‘ವಿಥ್’ ಎಂಬುದು ವೈರವನ್ನು ಹೇಳುತ್ತಿರಲಿಲ್ಲ. ಎದುರುಬದುರಾಗಿರುವ ಸ್ಥಿತಿಯನ್ನು ಹೇಳುತ್ತಿತ್ತು. ಯುದ್ಧಕ್ಕೆ ಎರಡು ಪಕ್ಷಗಳು ಮುಖಾಮುಖಿಯಾಗಬೇಕು. ಸಂಧಿಗೂ ಎರಡು ಪಕ್ಷಗಳು ಮುಖಾಮುಖಿಯಾಗಬೇಕು. ವ್ಯಾಪಾರದಲ್ಲಿ ಸರಕಿಗೆ ಎದುರಾಗಿ ಹಣ. ಸಂಭಾಷಣೆಯಲ್ಲಿ ಮಾತಿಗೆ ಎದುರಾಗಿ ಮಾತು. ಎದುರಿಗಿರುವವನು ಹತ್ತಿರ ಇರುವವನೂ ಹೌದು. ‘ಎದುರು’ ಎಂಬುದರಿಂದ ‘ಸಮೀಪ’ಕ್ಕೂ, ‘ಸಮೀಪ’ದಿಂದ ‘ಪಕ್ಕ’ಕ್ಕೂ, ‘ಪಕ್ಕ’ದಿಂದ ‘ಒಡನೆ’ ಎಂಬುದಕ್ಕೂ ಒಂದೊಂದೇ ಮೆಟ್ಟಿಲು.

ಈ ಅರ್ಥಸಂಕ್ರಮಣ ಕನ್ನಡಿಗರಿಗೆ ಅಪರಿಚಿತವೇನಲ್ಲ. ‘ಎದುರು’ ಎಂಬ ಕನ್ನಡ ಶಬ್ದವನ್ನೇ ಪರಿಶೀಲಿಸಬಹುದು. ಎದುರಾಳಿ ಎಂದರೆ ಪ್ರತಿಸ್ಪರ್ಧಿ. ಎದುರಿಸು ಎಂದರೆ ಪ್ರತಿಭಟಿಸು. ಆದರೆ ಅದೇ ಶಬ್ದದಿಂದ ಹುಟ್ಟಿದ ಇದಿರ್ಗೊಳ್, ಎದುರುಗೊಳ್ಳು ಎಂಬುದಕ್ಕೆ ಮುಂದೆ ಹೋಗಿ ಆದರದಿಂದ ಸ್ವಾಗತಿಸು ಎಂದರ್ಥ. ಮನೆಬಾಗಿಲಿಗೆ ಬಂದ ಅತಿಥಿಯನ್ನೂ ರಣರಂಗದಲ್ಲಿ ಬಂದ ವೈರಿಯನ್ನೂ ಒಂದೇ ಶಬ್ದಮೂಲವು ಎದುರುಗೊಳ್ಳುತ್ತದೆ. ಹಾಗೆಯೇ ‘ವೈರಿಯೊಡನೆ ಕಾದಿದನು’ ಎಂಬ ಪ್ರಯೋಗದಲ್ಲಿ ಸಾಹಚರ್ಯವನ್ನು ಹೇಳುವ ‘ಒಡನೆ’ ಎಂಬುದು ವಿರೋಧದ ಸಂದರ್ಭದಲ್ಲಿ ಬಂದಿದೆ. ಇಂಗ್ಲಿಷಿನಲ್ಲಿ ವಿರೋಧವಾಚಕವು ಸಾಹಚರ್ಯಕ್ಕೆ ಬಂದಿತು. ಕನ್ನಡದಲ್ಲಿ ಸಾಹಚರ್ಯವಾಚಕವು ವಿರೋಧಕ್ಕೂ ಒದಗಿತು. ಎರಡು ದಡಗಳಿಂದ ಹೊರಟವರು ದಾಟಿದ ಸೇತುವೆ ಒಂದೇ.

‘ಮಿಡ್’ ಎಂಬ ಪದದ ಅವಸಾನ

ಹಾಗಾದರೆ ಹಳೆಯ ಇಂಗ್ಲಿಷಿನಲ್ಲಿ ‘ಒಡನೆ’ ಎಂಬುದಕ್ಕೆ ಪ್ರತ್ಯೇಕ ಪದವೇ ಇರಲಿಲ್ಲವೆ? ಇತ್ತು. ಅದು ‘ಮಿಡ್’ ಎಂಬುದು. ಗೆಳೆಯನೊಡನೆ ಹೋಗುವುದು, ಕತ್ತಿಯಿಂದ ಕಡಿಯುವುದು ಎರಡಕ್ಕೂ ಆಗ ಇದ್ದ ಅವ್ಯಯ ಇದೇ. ಜರ್ಮನ್ ಭಾಷೆಯ ‘ಮಿಟ್’, ಡಚ್ ಭಾಷೆಯ ‘ಮೆಟ್’, ಸ್ವೀಡಿಷ್ ಮತ್ತು ಡೇನಿಷ್ ಭಾಷೆಗಳ ‘ಮೆಡ್’ ಇವೆಲ್ಲ ಇದರ ಸೋದರರೂಪಗಳು. ಇಂದಿಗೂ ಆ ಭಾಷೆಗಳಲ್ಲಿ ‘ಒಡನೆ’ ಎಂಬರ್ಥದಲ್ಲಿ ಬಳಕೆಯಲ್ಲಿವೆ. ಜರ್ಮನ್ ಭಾಷೆಯಲ್ಲಿ ‘ವಿಥ್’ನ ಬಂಧುವಾದ ‘ವೀಡರ್’ ಎಂಬುದೂ ಉಳಿದಿದೆ. ಅದರ ಅರ್ಥ ಇಂದಿಗೂ ‘ವಿರುದ್ಧ’ ಎಂದೇ. ಹೀಗೆ ಸೋದರಭಾಷೆಗಳು ಎರಡು ಪದಗಳನ್ನೂ ತಮ್ಮ ತಮ್ಮ ಸ್ಥಾನಗಳಲ್ಲಿ ಉಳಿಸಿಕೊಂಡಿರಲು, ಇಂಗ್ಲಿಷು ಮಾತ್ರ ‘ಮಿಡ್’ ಎಂಬುದನ್ನು ಕಳೆದುಕೊಂಡು ಅದರ ಅಧಿಕಾರವನ್ನೆಲ್ಲ ‘ವಿಥ್’ ಎಂಬುದಕ್ಕೆ ಒಪ್ಪಿಸಿತು.

ಇದಕ್ಕೆ ಭಾಷಾವಿದ್ವಾಂಸರು ಕೆಲವು ಕಾರಣಗಳನ್ನು ಸೂಚಿಸಿದ್ದಾರೆ. ಮೇಲೆ ಹೇಳಿದಂತೆ ಸಂಧಿ, ವಿನಿಮಯ, ಸಂಭಾಷಣೆಗಳ ಸಂದರ್ಭದಲ್ಲಿ ‘ವಿಥ್’ ಆಗಲೇ ‘ಮಿಡ್’ನ ಎಲ್ಲೆಗೆ ಬಂದು ನಿಂತಿತ್ತು. ಎರಡನೆಯದಾಗಿ, ಡೇನರ ಭಾಷೆಯ ಪ್ರಭಾವ. 878ರಲ್ಲಿ ಎಡಿಂಗ್ಟನ್ ಎಂಬಲ್ಲಿ ಆಲ್ಫ್ರೆಡನು ಡೇನರ ಅರಸನಾದ ಗುಥ್ರಮನನ್ನು ಸೋಲಿಸಿದನು. ಕೆಲವೇ ವಾರಗಳಲ್ಲಿ ಗುಥ್ರಮನು ಕ್ರೈಸ್ತದೀಕ್ಷೆಯನ್ನು ಪಡೆದಾಗ ಅವನಿಗೆ ಧರ್ಮಪಿತನಾಗಿ ನಿಂತವನೂ ಆಲ್ಫ್ರೆಡನೇ. ಅನಂತರ ಇಂಗ್ಲೆಂಡಿನ ಪೂರ್ವೋತ್ತರ ಭಾಗಗಳಲ್ಲಿ ಡೇನರು ಒಕ್ಕಲಾಗಿ ನೆಲೆಸಿ ಅಲ್ಲಿಯವರ ನೆರೆಹೊರೆಯಾದರು. ಅವರ ನಾರ್ಸ್ ಭಾಷೆಯಲ್ಲಿ ಇದೇ ಪದದ ಸೋದರರೂಪವು ‘ವಿರುದ್ಧ’, ‘ಪಕ್ಕದಲ್ಲಿ’, ‘ಒಡನೆ’ ಎಂಬ ಎಲ್ಲ ಅರ್ಥಗಳಲ್ಲಿಯೂ ಬಳಕೆಯಾಗುತ್ತಿತ್ತು. ಇಂಗ್ಲಿಷಿನ ‘ಅವರು’ ಎಂಬರ್ಥದ ಸರ್ವನಾಮವೇ ಈ ಡೇನರಿಂದ ಬಂದುದೆಂದ ಮೇಲೆ ಅವ್ಯಯದ ಅರ್ಥದಲ್ಲಿ ಅವರ ಪ್ರಭಾವವಾದುದರಲ್ಲಿ ಆಶ್ಚರ್ಯವಿಲ್ಲ. ಮೂರನೆಯದಾಗಿ, ವಿದ್ಯಾವಂತರ ಭಾಷೆಯಾಗಿದ್ದ ಲ್ಯಾಟಿನ್ನಿನಲ್ಲಿ ‘ಒಡನೆ’ ಎಂಬರ್ಥದ ‘ಕುಮ್’ ಎಂಬ ಅವ್ಯಯ ಯುದ್ಧದ ಸಂದರ್ಭದಲ್ಲಿಯೂ ಬರುತ್ತಿತ್ತು. ಆ ಮಾದರಿಯೂ ಈ ಎರಡು ಅರ್ಥಗಳನ್ನು ಒಂದೇ ಪದದಲ್ಲಿ ಬೆಸೆಯಲು ನೆರವಾಗಿರಬಹುದು.

ಬದಲಾವಣೆ ಒಂದೇ ದಿನದಲ್ಲಿ ಆದುದಲ್ಲ. ಡೇನರು ನೆಲೆಸಿದ್ದ ಲಿಂಕನ್‌ಷೈರ್ ಪ್ರದೇಶದಲ್ಲಿ ಹನ್ನೆರಡನೆಯ ಶತಮಾನದಲ್ಲಿ ರಚಿತವಾದ ‘ಆರ್ಮ್ಯುಲಮ್’ ಎಂಬ ಧಾರ್ಮಿಕ ಪದ್ಯಗ್ರಂಥದಲ್ಲಿ ‘ವಿಥ್’ ಎಂಬುದು ಸಾಹಚರ್ಯದ ಅರ್ಥದಲ್ಲಿ ನೆಲೆಗೊಂಡಿದೆ. ಆದರೆ ದಕ್ಷಿಣದ ಕೆಂಟ್ ನಾಡಿನಲ್ಲಿ 1340ರಲ್ಲಿ ಡಾನ್ ಮೈಕೆಲ್ ಎಂಬ ಸಂನ್ಯಾಸಿಯು ಬರೆದ ‘ಅಯೆನ್‌ಬೈಟ್ ಆಫ್ ಇನ್‌ವಿಟ್’ ಎಂಬ ಗ್ರಂಥದಲ್ಲಿ ‘ಮಿಡ್’ ಇನ್ನೂ ಜೀವಂತವಾಗಿದೆ. ತನ್ನ ಗ್ರಂಥವು ಕೆಂಟ್ ನಾಡಿನ ಇಂಗ್ಲಿಷಿನಿಂದ ರಚಿತವಾದುದೆಂದು ಹೇಳುವಲ್ಲಿ ಅವನು ಬಳಸಿರುವುದು ಆ ಹಳೆಯ ಅವ್ಯಯವನ್ನೇ. ಅದೇ ಶತಮಾನದ ಕೊನೆಯಲ್ಲಿ ಚಾಸರ್ ಕವಿಯು ‘ಕ್ಯಾಂಟರ್ಬರಿ ಕಥೆ’ಗಳನ್ನು ಬರೆಯುವ ಹೊತ್ತಿಗೆ ‘ವಿಥ್’ ಎಂಬುದೇ ಸಾಹಚರ್ಯಕ್ಕೂ ಕರಣಾರ್ಥಕ್ಕೂ ಸರ್ವಸಾಧಾರಣವಾಗಿತ್ತು.

ಅಳಿದುಹೋದ ‘ಮಿಡ್’ ಇಂದಿನ ಇಂಗ್ಲಿಷಿನಲ್ಲಿ ಒಂದು ಪದದಲ್ಲಿ ಅಡಗಿ ಕುಳಿತಿದೆ. ಸೂಲಗಿತ್ತಿಗೆ ಇಂಗ್ಲಿಷಿನಲ್ಲಿ ‘ಮಿಡ್‌ವೈಫ್’ ಎಂದು ಹೆಸರು. ಇಲ್ಲಿಯ ‘ವೈಫ್’ ಎಂದರೆ ಹೆಂಡತಿಯಲ್ಲ, ಹೆಂಗಸು. ಅದೇ ಆ ಶಬ್ದದ ಹಳೆಯ ಅರ್ಥ. ‘ಮಿಡ್’ ಎಂದರೆ ನಡುವೆ ಎಂದಲ್ಲ, ಒಡನೆ ಎಂದು. ಹೆರಿಗೆಯ ಸಮಯದಲ್ಲಿ ತಾಯಿಯ ಒಡನಿರುವ ಹೆಂಗಸು ಎಂಬುದು ಆ ಪದದ ವಿಗ್ರಹವಾಕ್ಯ. ಒಂದು ಪದವು ಸಾವಿರ ಪ್ರಯೋಗಗಳಿಂದ ಹಿಮ್ಮೆಟ್ಟಿದ ಮೇಲೂ ಇಂತಹದೊಂದು ಆಶ್ರಯದಲ್ಲಿ ಉಳಿದುಕೊಂಡಿರುವುದು ವಿಶೇಷವೇ ಸರಿ.

ಮೂಲಧಾತುವಿನ ವಿಚಾರ

‘ವಿಥ್’ ಎಂಬುದರ ಮೂಲವನ್ನು ಇನ್ನೂ ಹಿಂದಕ್ಕೆ ಹುಡುಕಿದರೆ ಸಂಸ್ಕೃತವನ್ನು ಬಲ್ಲವರಿಗೆ ಪರಿಚಿತವಾದ ಒಂದು ರೂಪವೇ ಎದುರಾಗುತ್ತದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಕವಲೊಡೆದಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಭಾಷಣದಲ್ಲಿ ಸೂಚಿಸಿದುದೂ, ಯಾಕೋಬ್ ಗ್ರಿಮ್ 1822ರಲ್ಲಿ ಜರ್ಮಾನಿಕ್ ಭಾಷೆಗಳ ಧ್ವನಿಪರಿವರ್ತನೆಯ ನಿಯಮವನ್ನು ನಿರೂಪಿಸಿದುದೂ ಪ್ರಸಿದ್ಧ ಸಂಗತಿಗಳು. ಆ ನಿಯಮದಂತೆ ಸಂಸ್ಕೃತದ ತಕಾರಕ್ಕೆ ಇಂಗ್ಲಿಷಿನಲ್ಲಿ ಹಲ್ಲಿನ ಉಸಿರುಧ್ವನಿ ಬರುತ್ತದೆ. ‘ತ್ರಿ’ ಎಂಬುದಕ್ಕೆ ‘ಥ್ರೀ’, ‘ತ್ವಂ’ ಎಂಬುದಕ್ಕೆ ಹಳೆಯ ‘ದೌ’ ಇವು ನಿದರ್ಶನಗಳು. ‘ವಿಧವಾ’ ಎಂಬುದಕ್ಕೆ ‘ವಿಡೋ’ ಎಂಬುದು ಹೊಂದುವುದನ್ನು ನೋಡಿದರೆ ವಕಾರದ ಸಂವಾದವೂ ಸ್ಪಷ್ಟವಾಗುತ್ತದೆ.

ಈ ನಿಯಮಗಳ ಬೆಳಕಿನಲ್ಲಿ ‘ವಿಥ್’ ಎಂಬುದರ ಮೂಲರೂಪವನ್ನು ವಿದ್ವಾಂಸರು ‘ವಿ’ ಮತ್ತು ‘ತರ’ ಎಂಬ ಎರಡು ಅಂಶಗಳಾಗಿ ಬಿಡಿಸಿದ್ದಾರೆ. ‘ವಿ’ ಎಂದರೆ ಬೇರೆಯಾಗಿ, ಅಗಲಿ. ಇದು ವಿಯೋಗ, ವಿಭಾಗ, ವಿಚ್ಛೇದ ಎಂಬ ಶಬ್ದಗಳಲ್ಲಿರುವ ಉಪಸರ್ಗವೇ. ‘ತರ’ ಎಂಬುದು ಎರಡರಲ್ಲಿ ಒಂದರ ಆಧಿಕ್ಯವನ್ನು ಹೇಳುವ ಪ್ರತ್ಯಯ. ಗುರುತರ, ಉನ್ನತತರ ಎಂಬಲ್ಲಿರುವುದು. ಇಂಗ್ಲಿಷಿನ ‘ವೆದರ್’ ಎಂಬ ಸಂದೇಹಸೂಚಕ ಪದವು ಸಂಸ್ಕೃತದ ‘ಕತರ’ ಎಂಬುದರ ಬಂಧುವಾದುದರಿಂದ ಅಲ್ಲಿಯೂ ಇದೇ ಪ್ರತ್ಯಯವುಂಟು. ಹೀಗೆ ‘ವಿತರ’ ಎಂದರೆ ಇನ್ನೂ ಬೇರೆಯಾಗಿ, ಇನ್ನೂ ದೂರವಾಗಿ. ವೇದಭಾಷೆಯಲ್ಲಿ ‘ವಿತರಂ’ ಎಂಬ ಅವ್ಯಯ ‘ಇನ್ನೂ ದೂರಕ್ಕೆ’ ಎಂಬರ್ಥದಲ್ಲಿ ಇದ್ದೇ ಇದೆ. ಬೇರೆಯಾದದ್ದು ಎದುರಾದದ್ದಾಯಿತು, ಎದುರಾದದ್ದು ಒಡನಾಯಿತು. ಇಂಗ್ಲಿಷಿನಲ್ಲಿ ಸಂಯೋಗವನ್ನು ಹೇಳುವ ಪದದ ಬೇರು, ಸಂಸ್ಕೃತದಲ್ಲಿ ವಿಯೋಗವನ್ನು ಹೇಳುವ ಉಪಸರ್ಗವೇ ಆಗಿರುವುದು ಹೀಗೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಶಬ್ದಗಳ ಬಾಂಧವ್ಯವನ್ನು ಕಿವಿಯ ಸಾಮ್ಯದಿಂದ ನಿರ್ಣಯಿಸಬಾರದು. ವೇದವಿತ್, ಶಾಸ್ತ್ರವಿತ್ ಎಂಬ ಶಬ್ದಗಳ ಕೊನೆಯ ‘ವಿತ್’ ಎಂಬುದು ‘ತಿಳಿ’ ಎಂಬರ್ಥದ ಧಾತುವಿನಿಂದ ಬಂದುದು. ಅದಕ್ಕೂ ಪ್ರಕೃತ ಅವ್ಯಯಕ್ಕೂ ಯಾವ ನಂಟೂ ಇಲ್ಲ. ಕನ್ನಡವು ದ್ರಾವಿಡ ವರ್ಗದ ಭಾಷೆಯಾದುದರಿಂದ ಒಡನೆ, ಕೂಡ ಎಂಬ ದೇಶ್ಯಶಬ್ದಗಳಿಗೂ ಇದಕ್ಕೂ ಸಂಬಂಧವಿಲ್ಲ. ಕನ್ನಡದ ‘ಕೂಡ’ ಎಂಬುದು ‘ಕೂಡು’ ಎಂಬ ಧಾತುವಿನಿಂದಲೇ ಬಂದುದು. ತುಂಗೆ ಭದ್ರೆಗಳು ಸೇರುವ ಎಡೆಗೆ ಕೂಡಲಿ ಎಂದು ಹೆಸರಾದುದೂ ಆ ಧಾತುವಿನಿಂದಲೇ. ಇಲ್ಲಿ ಬೇರಿನಲ್ಲಿಯೇ ಕೂಟದ ಅರ್ಥವುಂಟು. ಇಂಗ್ಲಿಷಿನಲ್ಲಿ ಅದು ಬಹುದೂರ ನಡೆದು ಗಳಿಸಿಕೊಂಡ ಅರ್ಥ.

ಸಂಯೋಗವಿಯೋಗಗಳು ವ್ಯಾಕರಣದಲ್ಲಿ ಹತ್ತಿರದ ನೆಂಟರೆಂಬುದನ್ನು ಭಾರತೀಯ ವೈಯಾಕರಣರು ಬಹು ಹಿಂದೆಯೇ ಗುರುತಿಸಿದ್ದರು. ‘ವಿ’ ಎಂಬುದರಿಂದ ‘ವಿನಾ’ ಎಂಬ ಅವ್ಯಯವನ್ನು ಸಾಧಿಸುವ ಪಾಣಿನಿಯ ಸೂತ್ರವು, ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದ ಎರಡನೆಯ ಪಾದದಲ್ಲಿದೆ. ‘ಸಹ’ ಅಲ್ಲದ್ದು ಎಂಬುದೇ ಅಲ್ಲಿ ಹೇಳಿದ ಅರ್ಥ. ಅದೇ ಪಾಣಿನಿಯು ಎರಡನೆಯ ಅಧ್ಯಾಯದಲ್ಲಿ ‘ಸಹ’ ಎಂಬುದರ ಯೋಗದಲ್ಲಿ ತೃತೀಯಾ ವಿಭಕ್ತಿಯನ್ನು ವಿಧಿಸಿ, ‘ವಿನಾ’ ಎಂಬುದರ ಯೋಗದಲ್ಲಿಯೂ ವಿಕಲ್ಪವಾಗಿ ತೃತೀಯೆಯನ್ನೇ ಒಪ್ಪುತ್ತಾನೆ. ಮಿತ್ರೇಣ ಸಹ, ಮಿತ್ರೇಣ ವಿನಾ ಎಂದು ಎರಡು ಕಡೆಯಲ್ಲಿಯೂ ನಾಮಪದದ ರೂಪ ಒಂದೇ. ಕನ್ನಡದ ‘ಇಂದ’ ಪ್ರತ್ಯಯವೂ ಹೀಗೆಯೇ. ‘ಕತ್ತಿಯಿಂದ ಕಡಿದನು’ ಎಂಬಲ್ಲಿ ಅದು ಕೈಯೊಡನಿರುವ ಸಾಧನವನ್ನು ಹೇಳುತ್ತದೆ. ‘ಮರದಿಂದ ಬಿದ್ದನು’ ಎಂಬಲ್ಲಿ ಅಗಲಿಕೆಯನ್ನು ಹೇಳುತ್ತದೆ. ಆದುದರಿಂದ ‘ವಿಥ್’ ಎಂಬುದರ ಅರ್ಥಪಲ್ಲಟವನ್ನು ಇಂಗ್ಲಿಷಿನ ವಿಚಿತ್ರವೆಂದು ತಳ್ಳಿಹಾಕುವಂತಿಲ್ಲ.

ಅನುವಾದಕರು ಗಮನಿಸಬೇಕಾದುದು

ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ ವಿಭಕ್ತಿಪ್ರತ್ಯಯಗಳಿದ್ದವು. ನಡುವಣ ಇಂಗ್ಲಿಷಿನ ಕಾಲದಲ್ಲಿ ಅವು ಬಹುಮಟ್ಟಿಗೆ ಸವೆದುಹೋದವು. ಪ್ರತ್ಯಯಗಳು ಮಾಡುತ್ತಿದ್ದ ಕೆಲಸವೂ ಅವ್ಯಯಗಳ ಹೆಗಲಿಗೇ ಬಿದ್ದಿತು. ‘ವಿತ್’ ಎಂಬುದಕ್ಕೆ ಇಂದು ಇಷ್ಟೊಂದು ಅರ್ಥಗಳಿರುವುದಕ್ಕೆ ಇದೂ ಒಂದು ಕಾರಣ. ಕನ್ನಡಕ್ಕೆ ಅನುವಾದಿಸುವವರು ಎಲ್ಲ ಕಡೆಯಲ್ಲಿಯೂ ‘ಜೊತೆ’ ಎಂದು ಬರೆದರೆ ಕನ್ನಡದ ಜಾಯಮಾನ ಕೆಡುತ್ತದೆ. ಗೆಳೆಯನ ವಿಷಯದಲ್ಲಿ ‘ಗೆಳೆಯನೊಡನೆ’. ಸಾಧನದ ವಿಷಯದಲ್ಲಿ ‘ಲೇಖನಿಯಿಂದ’. ರೀತಿಯ ವಿಷಯದಲ್ಲಿ ‘ಭಕ್ತಿಯಿಂದ’. ಲಕ್ಷಣದ ವಿಷಯದಲ್ಲಿ ‘ಗಡ್ಡವುಳ್ಳ ಮುದುಕ’. ಕಾರಣದ ವಿಷಯದಲ್ಲಿ ‘ಚಳಿಗೆ ನಡುಗಿದನು’. ‘ಇಷ್ಟೆಲ್ಲ ಐಶ್ವರ್ಯವಿದ್ದೂ ಸುಖವಿಲ್ಲ’ ಎಂಬಲ್ಲಿ ‘ಇದ್ದೂ’ ಎಂಬ ಕೃದಂತ. ಈ ಆರು ಕಡೆಗಳಲ್ಲಿಯೂ ಇಂಗ್ಲಿಷಿನಲ್ಲಿ ಇರುವುದು ಒಂದೇ ‘ವಿತ್’.

ಇದಕ್ಕಿಂತ ಹೆಚ್ಚಿನ ಜಾಗರೂಕತೆ ಬೇಕಾದುದು ವಿರೋಧಾರ್ಥದ ಸ್ಥಳಗಳಲ್ಲಿ. ಜಗಳವಾಡುವುದು, ವಾದಿಸುವುದು, ಸ್ಪರ್ಧಿಸುವುದು, ಯುದ್ಧ ಮಾಡುವುದು ಎಂಬ ಕ್ರಿಯೆಗಳೊಡನೆ ‘ವಿತ್’ ಇಂದಿಗೂ ತನ್ನ ಮೊದಲಿನ ಅರ್ಥವನ್ನು ಬಿಟ್ಟಿಲ್ಲ. ಇಂಗ್ಲೆಂಡು ಫ್ರಾನ್ಸಿನೊಡನೆ ಯುದ್ಧ ಮಾಡಿತು ಎಂಬ ಅರ್ಥದ ವಾಕ್ಯವು 1337ರಿಂದ 1453ರ ವರೆಗೆ ನಡೆದ ನೂರುವರ್ಷಗಳ ಯುದ್ಧವನ್ನು ಕುರಿತುದಾದರೆ ಫ್ರಾನ್ಸು ವೈರಿ; 1914ರಿಂದ 1918ರ ವರೆಗಿನ ಮೊದಲನೆಯ ಮಹಾಯುದ್ಧವನ್ನು ಕುರಿತುದಾದರೆ ಫ್ರಾನ್ಸು ಮಿತ್ರ. ವ್ಯಾಕರಣವು ಇಲ್ಲಿ ನಿರ್ಣಯ ಕೊಡುವುದಿಲ್ಲ, ಚರಿತ್ರೆಯೇ ಕೊಡಬೇಕು. ಕನ್ನಡದ ‘ಒಡನೆ’ ಎಂಬುದೂ ಇದೇ ಸಂದಿಗ್ಧವನ್ನು ಹಾಗೆಯೇ ಉಳಿಸುವುದರಿಂದ, ಅನುವಾದಕನು ‘ವಿರುದ್ಧ’ ಎಂದೋ ‘ಪಕ್ಷದಲ್ಲಿ ನಿಂತು’ ಎಂದೋ ಬಿಡಿಸಿ ಹೇಳಬೇಕಾಗುತ್ತದೆ. ಹಾಗೆ ಹೇಳದಿದ್ದರೆ ಓದುಗನು ಮಿತ್ರನನ್ನು ಶತ್ರುವೆಂದೂ ಶತ್ರುವನ್ನು ಮಿತ್ರನೆಂದೂ ತಿಳಿಯುವ ಅಪಾಯವಿದೆ.

‘ವಿತೌಟ್’ ಎಂಬ ಪದವೂ ಇದೇ ಪರಿವಾರದ್ದು. ಅದರ ಮೂಲಾರ್ಥ ‘ಹೊರಗೆ’ ಎಂಬುದು. ‘ಒಳಗೆ’ ಎಂಬರ್ಥದ ‘ವಿದಿನ್’ ಎಂಬುದು ಅದರ ಜೋಡಿ. ಹೊರಗಿರುವುದು ಇಲ್ಲದಿರುವುದಾಗಿ, ‘ವಿತೌಟ್’ ಎಂಬುದಕ್ಕೆ ‘ಇಲ್ಲದೆ’ ಎಂಬ ಅರ್ಥ ಬಂದಿತು. ಹಳೆಯ ಇಂಗ್ಲಿಷ್ ಗ್ರಂಥಗಳಲ್ಲಿ ಊರಿನ ಕೋಟೆಗೆ ಸಂಬಂಧಿಸಿ ಈ ಪದ ಬಂದಾಗ ಕೋಟೆಯೇ ಇಲ್ಲವೆಂದು ತಿಳಿಯದೆ ಕೋಟೆಯ ಹೊರಗೆ ಎಂದು ತಿಳಿಯಬೇಕು.

ಮೇಲಿನ ವಿವೇಚನೆಯಿಂದ ಹೊರಡುವ ಅಭಿಪ್ರಾಯವಿಷ್ಟು. ಶಬ್ದದ ಅರ್ಥವನ್ನು ಅದರ ಧಾತುವೊಂದೇ ನಿರ್ಣಯಿಸಲಾರದು. ನ‌ಿಘಂಟಿನಲ್ಲಿ ಮೊದಲು ಕಾಣುವ ಅರ್ಥವೇ ಮೊದಲು ಹುಟ್ಟಿದ ಅರ್ಥವೂ ಆಗಿರಬೇಕಾಗಿಲ್ಲ. ಅಗಲಿಕೆಯನ್ನು ಹೇಳುವ ಬೇರಿನಿಂದ ಹುಟ್ಟಿ, ರಣರಂಗದಲ್ಲಿಯೂ ರೋಗಶಯ್ಯೆಯಲ್ಲಿಯೂ ‘ವಿರುದ್ಧ’ ಎಂದು ನಿಂತು, ಸಂಧಿಪತ್ರಗಳಲ್ಲಿಯೂ ನೆರೆಹೊರೆಯ ಬಾಳಿನಲ್ಲಿಯೂ ಹದಗೊಂಡು, ‘ವಿತ್’ ಎಂಬ ಈ ಕಿರುಪದವು ‘ಒಡನೆ’ ಎಂಬ ಅರ್ಥಕ್ಕೆ ಬಂದಿತು. ಅದನ್ನು ಅಲ್ಲಿಗೆ ತಂದವರು ವೈಯಾಕರಣರಲ್ಲ; ಒಬ್ಬರನ್ನೊಬ್ಬರು ಎದುರಿಸುತ್ತ ಎದುರಿಸುತ್ತ ಒಂದೇ ನೆಲದಲ್ಲಿ ಬಾಳಬೇಕಾಗಿ ಬಂದ ಜನ. ಇಂಗ್ಲಿಷ್ ಗ್ರಂಥಗಳನ್ನು ಓದುವ ವಿದ್ಯಾರ್ಥಿಯು ಈ ಪದವನ್ನು ಕಂಡಾಗ, ಅದರ ಎರಡು ಬದಿಗಳಲ್ಲಿರುವವರು ಎದುರುಬದುರಾಗಿ ನಿಂತಿದ್ದಾರೆಯೇ ಪಕ್ಕಪಕ್ಕದಲ್ಲಿ ನಿಂತಿದ್ದಾರೆಯೇ ಎಂಬುದನ್ನು ಮೊದಲು ವಿಚಾರಿಸಿಕೊಂಡರೆ, ಅರ್ಥವು ತಾನಾಗಿಯೇ ತಿಳಿಯಾಗುವುದು.